ತಲೆಯಾಡಿಸುವ ಬೊಂಬೆಗಳ ಬೆಟ್ಟ

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲದಲ್ಲಿ ತುಂಬೆನಾಡು ಎಂಬ ಒಂದು ಪುಟ್ಟ ರಾಜ್ಯವಿತ್ತು. ಅಲ್ಲಿಯ ಜನ ಬಲು ಒಳ್ಳೆಯವರು. ಆ ಒಳ್ಳೆಯತನವೇ ಅವರಿಗೆ ಮುಳುವಾಗುವಷ್ಟು ಒಳ್ಳೆಯವರು. ನಾಲ್ಕು ಜನ ಒಂದು ಚಾಪೆಯ ಮೇಲೆ ಕೂತು ಏನಾದರೂ ತೀರ್ಮಾನ ಮಾಡುವಾಗ ಮೊದಲನೆಯವರು ‘ಹೂಂ’ ಎಂದರೆ ಉಳಿದವರೂ ‘ಹೂಂ’ ಎನ್ನಬೇಕು, ಅದು ಅಲ್ಲಿಯ ಪದ್ಧತಿ. ಒಬ್ಬರು ಹೂಂ ಎಂದ ಮೇಲೆ ಇನ್ನೊಬ್ಬರು ‘ಊಹೂಂ’ ಎನ್ನುವುದು ಬಡಿಸಿದ ಎಲೆಯನ್ನು ಕಾಲಿನಿಂದ ತಳ್ಳಿದ ಹಾಗೆ ಎಂದು ಅವರ ನಂಬಿಕೆ. ಆದ್ದರಿಂದ ತುಂಬೆನಾಡಿನಲ್ಲಿ ಜಗಳ ಎಂಬುದೇ ಇರಲಿಲ್ಲ. ಮನೆಯಲ್ಲಿ ಒಬ್ಬರಿಗೂ ಹಾಗಲಕಾಯಿ ಸೇರದಿದ್ದರೂ ವರ್ಷವಿಡೀ ಹಾಗಲಕಾಯಿ ಪಲ್ಯವನ್ನೇ ತಿನ್ನುವ ಮನೆಗಳು ಮಾತ್ರ ಬೇಕಾದಷ್ಟಿದ್ದವು.

ಆ ನಾಡಿನ ರಾಜ ಸೌಮ್ಯದೇವ. ಅವನ ಮಗ ಅರಿಂಜಯ, ಆಗತಾನೆ ಮೀಸೆ ಮೂಡುತ್ತಿದ್ದ ತರುಣ. ಮಗಳು ಹಂಸಿನಿ, ಆಗತಾನೆ ಮುಂದಿನ ಹಲ್ಲು ಬಿದ್ದಿದ್ದ ಹುಡುಗಿ. ಹಂಸಿನಿ ಹುಟ್ಟಿದಾಗಲೇ ರಾಣಿ ತೀರಿಕೊಂಡಿದ್ದಳು. ಮಗುವನ್ನು ಎತ್ತಿ ಆಡಿಸಿದವಳು ದಾದಿ ಸಂಕವ್ವ. ಕಾವಲಿಗೆ ನಿಂತವನು ರಾಣಿಯ ಅಣ್ಣ, ಸೇನಾನಾಯಕ ಭರಮಣ್ಣ. ಈ ನಾಲ್ವರಿಗೂ ಹಂಸಿನಿ ಎಂದರೆ ಪ್ರಾಣ.

ಒಂದು ದಿನ ಅರಮನೆಗೆ ಧೂಮಕೇಶ ಎಂಬ ಮಾಂತ್ರಿಕ ಬಂದ. ಅವನ ತಲೆಯ ಮೇಲೆ ಕೂದಲಿರಲಿಲ್ಲ, ಹೊಗೆಯಿತ್ತು. ಅದನ್ನು ಅವನು ಜುಟ್ಟು ಕಟ್ಟಿಕೊಂಡಿದ್ದ. ಮಾತು ಮಾತ್ರ ಬೆಲ್ಲದ ಪಾಕ.

"ಮಹಾರಾಜ, ನಿಮ್ಮ ಮಗಳನ್ನು ನನಗೆ ಕೊಡಿ. ನನ್ನ ಬೆಟ್ಟದಲ್ಲಿ ಇಟ್ಟುಕೊಂಡು ಸಕಲ ವಿದ್ಯೆ ಕಲಿಸುತ್ತೇನೆ. ಆದರೆ ಬಲವಂತವಿಲ್ಲ. ನೀವು ಎಲ್ಲರೂ ಒಪ್ಪಿ ಕೊಟ್ಟರೆ ಮಾತ್ರ" ಎಂದ.

ನಾಲ್ವರೂ ಚಾಪೆಯ ಮೇಲೆ ಕೂತರು. ಮಗು ಸಂಕವ್ವನ ತೊಡೆಯ ಮೇಲಿತ್ತು. ಭಾವಮೈದ ಏನೂ ಹೇಳದೆ ಕೂತಿರುವುದನ್ನು ಕಂಡ ರಾಜ, ಇವನಿಗೆ ಇದು ಇಷ್ಟವಿರಬೇಕು ಎಂದುಕೊಂಡು ‘ಹೂಂ’ ಎಂದ. ರಾಜನೇ ಹೂಂ ಎಂದ ಮೇಲೆ ತಾನು ಯಾರು ಎಂದು ಭರಮಣ್ಣ ‘ಹೂಂ’ ಎಂದ. ಇಬ್ಬರು ಹಿರಿಯರು ಹೇಳಿದ ಮೇಲೆ ಇನ್ನೇನು ಎಂದು ಅರಿಂಜಯ ‘ಹೂಂ’ ಎಂದ. ಸಂಕವ್ವ ಬಾಯಿ ತೆರೆಯಲಾರದೆ ಕೋಲೆಬಸವನ ಹಾಗೆ ತಲೆಯಾಡಿಸಿದಳು. ಧೂಮಕೇಶ ಮಗುವಿನ ಕೈ ಹಿಡಿದುಕೊಂಡು ಹೊರಟೇಹೋದ. ಹಂಸಿನಿ ಬಾಗಿಲು ದಾಟುವವರೆಗೂ ತಿರುಗಿ ತಿರುಗಿ ನೋಡಿದಳು.

ಮಧ್ಯಾಹ್ನ ಯಾರಿಗೂ ಊಟ ಇಳಿಯಲಿಲ್ಲ.

"ನಿನಗೆ ಇಷ್ಟ ಅಂತಲ್ಲವೇ ಭರಮಣ್ಣ, ನಾನು ಒಪ್ಪಿದ್ದು?" ಎಂದ ರಾಜ.

"ನನಗಾ? ನಿಮ್ಮ ಅಪ್ಪಣೆ ಅಂತ ನಾನು ಮನಸ್ಸು ಕಲ್ಲು ಮಾಡಿಕೊಂಡು ಕೂತೆ ಭಾವಾ!"

"ನನಗೂ ಇಷ್ಟವಿರಲಿಲ್ಲ" ಎಂದ ಅರಿಂಜಯ. ಸಂಕವ್ವ ಸೆರಗಿಗೆ ಮುಖ ಒತ್ತಿಕೊಂಡಳು. ನಾಲ್ಕು ಜನರಲ್ಲಿ ಒಬ್ಬರಿಗೂ ಬೇಡವಾದದ್ದನ್ನು ನಾಲ್ಕು ಜನವೂ ಸೇರಿ ಮಾಡಿ ಮುಗಿಸಿದ್ದರು. ನಗಬೇಡಿ. ನಿಮ್ಮ ಮನೆಯಲ್ಲೂ ಒಂದಲ್ಲ ಒಂದು ದಿನ ಹೀಗೆ ಆಗಿರುತ್ತದೆ.

ಅಷ್ಟರಲ್ಲಿ ಹಂಸಿನಿ ಸಾಕಿದ್ದ ಗೊರವಂಕ ಹಕ್ಕಿ ಕಿಟಕಿಯಿಂದ ಒಳಗೆ ಹಾರಿಬಂತು. ಅದು ಒಡತಿಯ ಹಿಂದೆಯೇ ಬೆಟ್ಟದವರೆಗೂ ಹೋಗಿತ್ತು.

"ಹಾಳಾಯಿತು, ಹಾಳಾಯಿತು!" ಎಂದಿತು ಗೊರವಂಕ. "ಅವನು ವಿದ್ಯೆ ಕಲಿಸುವವನಲ್ಲ. ತನಗೆ ಯಾರೂ ಎದುರಾಡಬಾರದು ಎಂದು ಮಕ್ಕಳನ್ನು ತಂದು ತಲೆಯಾಡಿಸುವ ಬೊಂಬೆ ಮಾಡುತ್ತಾನೆ. ಹಂಸಿನಿಯನ್ನೂ ಮಾಡಿದ್ದಾನೆ. ಮುಂಗಾರಿನ ಮೊದಲ ಗುಡುಗು ಕೇಳುವ ಮುಂಚೆ ಬಿಡಿಸಿಕೊಂಡರೆ ಬದುಕಿದಳು. ಗುಡುಗು ಕೇಳಿಸಿದರೆ ಬೊಂಬೆ ಬೊಂಬೆಯೇ."

"ನನ್ನ ಸೈನ್ಯ ಈಗಲೇ ಹೊರಡುತ್ತದೆ!" ಎಂದು ಭರಮಣ್ಣ ಎದ್ದು ನಿಂತ.

"ಸೈನ್ಯಕ್ಕೆ ಆ ಬೆಟ್ಟ ಕಾಣುವುದಿಲ್ಲ. ಒಪ್ಪಿ ಕೊಟ್ಟವರಿಗೆ ಮಾತ್ರ ಕಾಣುತ್ತದೆ. ಒಪ್ಪಿ ಕೊಟ್ಟದ್ದನ್ನು ಒಪ್ಪಿಯೇ ಬಿಡಿಸಬೇಕು. ಇನ್ನೊಂದು ಮಾತು. ಆ ಬೆಟ್ಟದ ಮೇಲೆ ಮನಸ್ಸಿಲ್ಲದೆ ಹೂಂ ಎಂದವರ ಕಾಲು ಮರವಾಗುತ್ತದೆ."

ರಾಜ ನಾಡು ಬಿಟ್ಟು ಹೋಗುವಂತಿರಲಿಲ್ಲ. ಉಳಿದ ಮೂವರು ಹೊರಟರು. ಭರಮಣ್ಣ ಕಬ್ಬಿಣದ ಕವಚ ತೊಟ್ಟು, ಕತ್ತಿ ಗುರಾಣಿ ಹಿಡಿದ. ಅರಿಂಜಯ ಬುತ್ತಿಯ ಗಂಟು ಹೊತ್ತ. ಸಂಕವ್ವ ತನ್ನ ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೊರವಂಕ ದಾರಿ ತೋರಿಸುತ್ತಾ ಮುಂದೆ ಹಾರಿತು. ಪಡುವಣ ದಿಕ್ಕಿನಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು.

ಬೆಟ್ಟದ ಬುಡದಲ್ಲಿ ದಾರಿ ಎರಡಾಗಿ ಒಡೆದಿತ್ತು. ನಡುವೆ ಬೂದಿಬಣ್ಣದ ಹುಲಿಯೊಂದು ಮುಂಗಾಲು ಮಡಚಿಕೊಂಡು ಕೂತಿತ್ತು.

"ಒಂದು ದಾರಿ ಗುಹೆಯೊಳಗೆ ಹೋಗುತ್ತದೆ. ತಂಪಾಗಿದೆ. ಇನ್ನೊಂದು ಮುಳ್ಳಿನ ದಿಣ್ಣೆ, ಮೇಲೆ ಸುಡು ಬಿಸಿಲು. ಯಾವುದು ಬೇಕೋ ಒಟ್ಟಾಗಿ ಹೇಳಿ" ಎಂದಿತು ಹುಲಿ.

ಭರಮಣ್ಣ ಸಂಕವ್ವನ ಕಡೆ ನೋಡಿದ. ಪಾಪ, ಮುದುಕಿ, ಮಂಡಿನೋವು ಬೇರೆ. "ಗುಹೆಯೇ ಆಗಲಿ. ಅಲ್ಲವೇ?" ಎಂದ.

ಮಾವನಿಗೆ ಕವಚದ ಸೆಕೆ ಇರಬೇಕೆಂದು ಅರಿಂಜಯ "ಹೂಂ" ಎಂದ. ಗಂಡಸರಿಬ್ಬರೂ ದಣಿದಿದ್ದಾರೆ ಎಂದು ಸಂಕವ್ವ "ಹೂಂ" ಎಂದಳು.

ಹೆಜ್ಜೆ ಎತ್ತಿದರು. ಟಕ್ ಎಂದಿತು. ಮೂವರ ಪಾದಗಳೂ ಕಾಲಿನ ಗಿಣ್ಣಿನವರೆಗೆ ಮರವಾಗಿದ್ದವು! ಹುಲಿ ಬಿದ್ದು ಬಿದ್ದು ನಕ್ಕಿತು.

"ಎಲಾ, ನಿಮ್ಮಲ್ಲಿ ಗುಹೆ ಬೇಕಾದದ್ದು ಯಾರಿಗೆ?"

"ಮಾವನಿಗೆ" ಎಂದ ಅರಿಂಜಯ.

"ನನಗಲ್ಲ, ಸಂಕವ್ವನ ಮಂಡಿಗೆ" ಎಂದ ಭರಮಣ್ಣ.

"ಅಯ್ಯೋ ನಾಯಕರೇ, ನನ್ನ ಮಂಡಿಗೆ ತಂಪೇ ಆಗಬಾರದು! ಬಿಸಿಲಾದರೆ ಹಾಯಾಗಿ ನಡೀತೀನಿ" ಎಂದಳು ಸಂಕವ್ವ. "ನಿನಗೇನಪ್ಪಾ ಅರಿಂಜಯ?"

ಅರಿಂಜಯ ತಲೆ ತಗ್ಗಿಸಿದ. "ನನಗೆ ಕತ್ತಲೆ ಅಂದರೆ ಹೆದರಿಕೆ ಸಂಕವ್ವ. ಮಾವನ ಮುಂದೆ ಹೇಳೋಕೆ ನಾಚಿಕೆ ಆಯ್ತು."

"ಹೆದರಿಕೆ ನನಗೂ ಉಂಟು ಮಾರಾಯಾ. ಕವಚ ತೊಟ್ಟಿರೋದು ಮತ್ತೇಕೆ?" ಎಂದ ಭರಮಣ್ಣ.

ಮೂವರೂ ನಕ್ಕರು. ನಗುನಗುತ್ತಲೇ ಕಾಲಿಗೆ ಬಿಸಿ ಹತ್ತಿತು, ಮರ ಮತ್ತೆ ಮಾಂಸವಾಯಿತು. ಹುಲಿ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು. "ಆ ಗುಹೆಗೆ ಹೋದವರು ಒಬ್ಬರೂ ಹಿಂದೆ ಬಂದಿಲ್ಲ. ಹೋದವರಲ್ಲಿ ಒಬ್ಬರಿಗೂ ಹೋಗುವ ಮನಸ್ಸೂ ಇರಲಿಲ್ಲ" ಎಂದಿತು.

ಕೆಟ್ಟ ಮೇಲೆ ಬುದ್ಧಿ ಬರುವುದು ನಮ್ಮೆಲ್ಲರ ಹಣೆಬರಹ. ಇವರಿಗೆ ಪೂರ್ತಿ ಕೆಡುವ ಮುಂಚೆಯೇ ಬಂತು, ಅಷ್ಟು ಪುಣ್ಯ. ಮುಳ್ಳಿನ ದಿಣ್ಣೆ ಹತ್ತಿ ಒಂದು ಬಂಡೆಯ ಮೇಲೆ ಕೂತಾಗ ಸಂಕವ್ವ ಸಂಚಿಯಿಂದ ಹುಣಸೆಬೀಜ ತೆಗೆದಳು. ಹಂಸಿನಿಯೂ ಅವಳೂ ಚೌಕಾಬಾರ ಆಡುತ್ತಿದ್ದ ಬೀಜಗಳು ಅವು. ಒಂದು ಮಗ್ಗುಲು ತೇದು ಬಿಳಿಯಾಗಿತ್ತು, ಇನ್ನೊಂದು ಮಗ್ಗುಲು ಕಪ್ಪು.

"ಇನ್ನು ಮುಂದೆ ಬಾಯಿಂದ ಹೂಂ ಬೇಡ" ಎಂದಳು. "ಒಬ್ಬೊಬ್ಬರು ಒಂದು ಬೀಜ ಇಟ್ಟು ಅಂಗೈ ಮುಚ್ಚೋಣ. ಬೇಕು ಅಂದ್ರೆ ಬಿಳಿ, ಬೇಡ ಅಂದ್ರೆ ಕಪ್ಪು. ಎಲ್ಲರೂ ಒಟ್ಟಿಗೇ ಕೈ ತೆಗೆಯೋಣ. ಆಗ ಯಾರೂ ಯಾರ ಮುಖಾನೂ ನೋಡೋ ಹಾಗಿಲ್ಲ."

"ಒಬ್ಬರದ್ದು ಬೇರೆ ಬಂದರೆ?" ಎಂದ ಅರಿಂಜಯ.

"ಅವರೇ ಮೊದಲು ಮಾತಾಡಲಿ. ಮಿಕ್ಕವರು ಬಾಯಿ ಮುಚ್ಚಿಕೊಂಡು ಕೇಳೋಣ."

ಅರ್ಧ ಬೆಟ್ಟ ಏರಿದಾಗ ಒಂದು ಕೊರಕಲು ಅಡ್ಡಬಂತು. ಬಗ್ಗಿ ನೋಡಿದರೆ ತಳವೇ ಕಾಣದು. ಈ ದಡದಿಂದ ಆ ದಡಕ್ಕೆ ಒಂದು ಹೆಬ್ಬಾವು ಸೇತುವೆಯಾಗಿ ಮೈ ಚಾಚಿಕೊಂಡಿತ್ತು. ಮೂವರೂ ಅದರ ಬೆನ್ನ ಮೇಲೆ ಕಾಲಿಟ್ಟರು. ಹಾವು ನೋವಿನಿಂದ ನರಳಿತು.

"ಇಳಿಯಿರಿ, ಇಳಿಯಿರಿ! ಈಗ ನಿಮ್ಮದು ನಾಲ್ಕು ಜನರ ಭಾರ. ನಾನು ಹೊರುವುದು ಮೂರು ಜನರ ಭಾರ ಮಾತ್ರ. ಒಂದು ಭಾರ ಇಲ್ಲೇ ಬಿಟ್ಟು ಬನ್ನಿ" ಎಂದಿತು.

ಭರಮಣ್ಣ ನಿಟ್ಟುಸಿರು ಬಿಟ್ಟ. "ಸಂಕವ್ವ ಇಲ್ಲೇ ಉಳಿಯಲಿ ಎಂದು ನನಗೆ ತೋರುತ್ತದೆ. ಬೀಜ ಇಡೋಣ."

ಕೈ ತೆಗೆದರು. ಭರಮಣ್ಣನದು ಬಿಳಿ. ಸಂಕವ್ವನದೂ ಬಿಳಿ. ಅರಿಂಜಯನದೊಂದೇ ಕಪ್ಪು.

ಇಬ್ಬರು ಹಿರಿಯರಿಗೆ ಎದುರಾಗಿ ಅವನು ಹುಟ್ಟಿದಾಗಿನಿಂದ ಒಂದು ಮಾತೂ ಆಡಿದವನಲ್ಲ. ಆದರೂ ಆಡಿದ. "ಮಾವ, ಹಂಸಿನಿ ಹೆದರಿದಾಗ ನನ್ನ ಹತ್ತಿರ ಬರೋದಿಲ್ಲ, ನಿಮ್ಮ ಹತ್ತಿರಾನೂ ಬರೋದಿಲ್ಲ. ಸಂಕವ್ವನ ಸೆರಗು ಹಿಡಿದುಕೊಂಡರೇ ಅವಳಿಗೆ ನಿದ್ದೆ. ಇವಳನ್ನು ಬಿಟ್ಟು ಹೋದರೆ ಅವಳನ್ನು ಕಂಡೂ ಏನು ಮಾಡೋಣ?"

"ನಾನು ಮುದುಕಿ ಕಣಪ್ಪಾ, ನಿಮಗೆ ಭಾರ" ಎಂದಳು ಸಂಕವ್ವ.

"ಹಾವು ಜನರನ್ನು ಬಿಡಿ ಅನ್ನಲಿಲ್ಲ. ಭಾರ ಬಿಡಿ ಅಂದಿತು" ಎಂದ ಅರಿಂಜಯ. "ನಾವು ಮೂರೇ ಜನ. ನಾಲ್ಕನೆಯವರ ಭಾರ ಎಲ್ಲಿಂದ ಬಂತು?"

ಸಂಕವ್ವ ಭರಮಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಾಯಕರೇ, ಕೋಪ ಮಾಡ್ಕೋಬೇಡಿ. ಈ ಕವಚ ಕತ್ತಿ ಗುರಾಣಿ ಎಲ್ಲ ಸೇರಿ ಎಷ್ಟು ತೂಕ?"

ಭರಮಣ್ಣ ಮೆಲ್ಲಗೆ ಹೇಳಿದ: "ಒಬ್ಬ ಆಳಿನಷ್ಟು. ನನಗೆ ಗೊತ್ತಿತ್ತು ಸಂಕವ್ವ. ಬಿಚ್ಚಿದರೆ ಒಳಗಿರೋದು ಬಡಕಲು ಮುದುಕ. ಅದನ್ನು ನೀವು ನೋಡಬಾರದು ಅಂತ ಇಷ್ಟು ಹೊತ್ತು ಬಾಯಿ ಬಿಡಲಿಲ್ಲ."

ಅವನು ಒಂದೊಂದೇ ಕೊಂಡಿ ಕಳಚಿದ. ಅರಿಂಜಯ ಬೆನ್ನ ಹಿಂದಿನ ಕೊಂಡಿ ಬಿಚ್ಚಲು ನೆರವಾದ. ಕಬ್ಬಿಣದ ರಾಶಿಯ ಪಕ್ಕದಲ್ಲಿ ಒಂದು ಬಿಳಿ ಅಂಗಿಯ ತೆಳ್ಳನೆಯ ಅಜ್ಜ ನಿಂತಿದ್ದ. ಸಂಕವ್ವ ತನ್ನ ಮೇಲುಹೊದಿಕೆ ತೆಗೆದು ಅವನ ಹೆಗಲಿಗೆ ಹೊದಿಸಿದಳು. "ಚೆನ್ನಾಗಿಯೇ ಇದ್ದೀರಲ್ಲ, ಇದಕ್ಕೆ ಇಷ್ಟು ನಾಚಿಕೆಯೇ?" ಎಂದಳು. ಮತ್ತೆ ಬೀಜ ಇಟ್ಟರು. ಮೂರೂ ಬಿಳಿ. ಮೂವರೂ ಕೈಕೈ ಹಿಡಿದುಕೊಂಡು ದಾಟಿದರು. ಹಾವು ಈ ಸಲ ನರಳಲಿಲ್ಲ.

ಬೆಟ್ಟದ ತುದಿಯಲ್ಲಿ ಧೂಮಕೇಶನ ಮನೆ. ಒಳಗೆ ದೊಡ್ಡ ಪಡಸಾಲೆ. ಪಡಸಾಲೆಯ ತುಂಬ ಸಾಲುಸಾಲಾಗಿ ಮರದ ಬೊಂಬೆಗಳು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ಮುಗುಳ್ನಗು. ಗಾಳಿ ಬೀಸಿದಾಗಲೆಲ್ಲ ಎಲ್ಲ ತಲೆಗಳೂ ಹೂಂ, ಹೂಂ ಎಂಬಂತೆ ಮೇಲೆ ಕೆಳಗೆ ಆಡುತ್ತಿದ್ದವು. ಸಂಕವ್ವ ಬಾಗಿಲಲ್ಲೇ ಕುಸಿದು ಕೂತಳು. ಮಕ್ಕಳಿರುವ ಮನೆ ಅಷ್ಟು ಸುಮ್ಮನಿದ್ದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ಬನ್ನಿ, ಬನ್ನಿ, ಆಯಾಸವಾಯಿತೇ?" ಎಂದ ಧೂಮಕೇಶ. "ಇವುಗಳಲ್ಲಿ ನಿಮ್ಮ ಹಂಸಿನಿ ಯಾರು? ಮೂವರೂ ಸೇರಿ ಒಂದೇ ಬೊಂಬೆ ತೋರಿಸಿ. ಸರಿಯಾದರೆ ಕರೆದುಕೊಂಡು ಹೋಗಿ. ತಪ್ಪಾದರೆ ಅವಳೂ ನನ್ನವಳು, ನೀವೂ ನನ್ನವರು."

ಹೊರಗೆ ಬೆಟ್ಟದ ನೆತ್ತಿಯ ಮೇಲೆಯೇ ಕಪ್ಪು ಮೋಡ ಬಂದು ನಿಂತಿತ್ತು.

ಮೂವರೂ ಬೇರೆ ಬೇರೆ ಸಾಲಿನಲ್ಲಿ ತಿರುಗಿ, ಇನ್ನೊಬ್ಬರದು ನೋಡದೆ, ತಮಗೆ ತೋಚಿದ ಬೊಂಬೆಯ ಮುಂದೆ ತಮ್ಮ ತಮ್ಮ ಬೀಜ ಇಟ್ಟರು. ಆಮೇಲೆ ತಿರುಗಿ ನೋಡಿದರೆ ಮೂರು ಬೀಜ ಮೂರು ಬೊಂಬೆಗಳ ಮುಂದಿತ್ತು.

"ಇದರ ಕಣ್ಣು ಥೇಟು ನನ್ನ ತಂಗಿಯ ಕಣ್ಣು" ಎಂದ ಭರಮಣ್ಣ.

"ಇದರ ಕೆನ್ನೆಯ ಗುಳಿ ನೋಡಿ" ಎಂದ ಅರಿಂಜಯ.

"ಇದು ನಿಂತಿರೋ ರೀತಿ ನೋಡ್ರಪ್ಪಾ, ನನ್ನ ಮಗು ಹೀಗೇ ಒಂದು ಕಾಲು ಮುಂದಿಡೋದು" ಎಂದಳು ಸಂಕವ್ವ.

ಒಬ್ಬರ ಬೊಂಬೆಯನ್ನು ಇನ್ನೊಬ್ಬರು ಹೋಗಿ ನೋಡಿದರು. ಎಲ್ಲ ಬೊಂಬೆಗಳಿಗೂ ಅದೇ ಕಣ್ಣು, ಅದೇ ಗುಳಿ, ಅದೇ ಮುಂದಿಟ್ಟ ಕಾಲು. ಮತ್ತೆ ಹುಡುಕಿದರು, ಮತ್ತೆ ಬೀಜ ಇಟ್ಟರು. ಮತ್ತೆ ಮೂರೂ ಬೇರೆ. ಮೋಡದೊಳಗೆ ಮಿಂಚೊಂದು ಹರಿದಾಡಿತು.

ಧೂಮಕೇಶ ನಯವಾಗಿ ಹತ್ತಿರ ಬಂದ. "ಗುಡುಗಿಗೆ ಇನ್ನೆಷ್ಟು ಹೊತ್ತು? ಇಬ್ಬರು ಸೋತು ಒಬ್ಬರ ಮಾತಿಗೆ ಹೂಂ ಎಂದುಬಿಡಿ. ನೀವು ತುಂಬೆನಾಡಿನ ಒಳ್ಳೆಯ ಜನ. ಪ್ರೀತಿ ಇರುವವರು ಸೋಲಲಾರರೇ?"

ಆ ಮಾತು ಎಷ್ಟು ಹಿತವಾಗಿತ್ತು! ಅರಿಂಜಯನ ಬಾಯಿಯವರೆಗೆ ಹೂಂ ಬಂದಿತ್ತು. ಅವನು ಅದನ್ನು ನುಂಗಿಕೊಂಡ. "ಇಲ್ಲ. ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹೂಂ ಅನ್ನೋದಿಲ್ಲ" ಎಂದ.

"ನಮ್ಮ ಮೂವರಿಗೂ ಗೊತ್ತಿಲ್ಲ" ಎಂದ ಭರಮಣ್ಣ.

"ನಮ್ಮ ಮೂವರಿಗೆ ಗೊತ್ತಿಲ್ಲ, ನಿಜ" ಎಂದಳು ಸಂಕವ್ವ. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿ ಬಂತು. "ಗೊತ್ತಿರೋದು ಒಬ್ಬಳಿಗೆ. ಆವತ್ತು ಚಾಪೆಯ ಮೇಲೆ ನಾವು ನಾಲ್ಕೇ ಜನ ಇರಲಿಲ್ಲ ನಾಯಕರೇ. ಐದನೆಯವಳು ನನ್ನ ತೊಡೆಯ ಮೇಲೇ ಕೂತಿದ್ದಳು. ಅವಳನ್ನ ನಾವು ಯಾರಾದರೂ ಒಂದು ಮಾತು ಕೇಳಿದೆವಾ?"

ಯಾರೂ ಕೇಳಿರಲಿಲ್ಲ. ರಾಜ ಕೇಳಿರಲಿಲ್ಲ, ಮಾವ ಕೇಳಿರಲಿಲ್ಲ, ಅಣ್ಣ ಕೇಳಿರಲಿಲ್ಲ, ತೊಡೆಯ ಮೇಲೆ ಕೂರಿಸಿಕೊಂಡಿದ್ದ ಸಂಕವ್ವನೂ ಕೇಳಿರಲಿಲ್ಲ. ಮೂವರೂ ಪಡಸಾಲೆಯ ನಡುವೆ ನೆಲದ ಮೇಲೆ ಕೂತರು, ಬೊಂಬೆಗಳ ಎತ್ತರಕ್ಕೆ ಸರಿಯಾಗಿ.

ಅರಿಂಜಯ ಕೇಳಿದ: "ಹಂಸಿನೀ, ನಾನು ನಿನ್ನ ಅಣ್ಣ. ನಿನಗೆ ನಮ್ಮ ಜೊತೆ ಬರೋಕೆ ಇಷ್ಟವಿದೆಯಾ?"

ಎಲ್ಲ ಬೊಂಬೆಗಳೂ ತಲೆಯಾಡಿಸಿದವು. ಹೂಂ, ಹೂಂ, ಹೂಂ.

ಎಲ್ಲವೂ ಅಲ್ಲ. ಗೋಡೆಯ ಪಕ್ಕದ ಮೂಲೆಯಲ್ಲಿ, ಇವರು ಯಾರೂ ಬೀಜ ಇಟ್ಟಿರದ ಒಂದು ಬೊಂಬೆ, ಕಿರ್ರ್ ಎಂದು ಸದ್ದು ಮಾಡುತ್ತಾ, ಬಹಳ ಕಷ್ಟಪಟ್ಟು, ತನ್ನ ತಲೆಯನ್ನು ಎಡಕ್ಕೆ ತಿರುಗಿಸಿತು. ಆಮೇಲೆ ಬಲಕ್ಕೆ ತಿರುಗಿಸಿತು. ಊಹೂಂ.

"ಅವಳೇ!" ಎಂದರು ಮೂವರೂ ಒಟ್ಟಿಗೆ. ಮೂರು ಬೆರಳುಗಳೂ ಅಲ್ಲಿಗೇ ಚಾಚಿದ್ದವು.

ಬೊಂಬೆಯ ಬಣ್ಣ ಚಕ್ಕೆಚಕ್ಕೆಯಾಗಿ ಉದುರಿತು. ಒಳಗೆ ಹಂಸಿನಿ ಇದ್ದಳು. ಆದರೆ ಅವಳು ಓಡಿಬರಲಿಲ್ಲ, ಕೈಕಟ್ಟಿಕೊಂಡು ಅಲ್ಲೇ ನಿಂತಳು.

"ಬರಲ್ಲ" ಎಂದಳು.

"ಯಾಕವ್ವಾ?" ಎಂದಳು ಸಂಕವ್ವ.

"ನೀವೆಲ್ಲ ಹೂಂ ಅಂದ್ರಿ. ಅಣ್ಣಾನೂ ಹೂಂ ಅಂದ. ನನ್ನ ಕೇಳ್ಲೇ ಇಲ್ಲ."

ಭರಮಣ್ಣನಂಥ ಭರಮಣ್ಣ ಮುಖ ಮುಚ್ಚಿಕೊಂಡು ಅತ್ತ. "ತಪ್ಪಾಯ್ತು ಮಗಳೇ. ದೊಡ್ಡವರೆಲ್ಲ ಸೇರಿ ದೊಡ್ಡ ತಪ್ಪು ಮಾಡಿದೆವು."

ಹಂಸಿನಿ ಅವನನ್ನೇ ನೋಡಿದಳು. ಮಾವನನ್ನು ಕವಚವಿಲ್ಲದೆ ಅವಳು ಕಂಡದ್ದು ಅದೇ ಮೊದಲು. "ಈಗ ಕೇಳ್ತಿದ್ದೀರಾ?"

"ಈಗ ಕೇಳ್ತಿದ್ದೀವಿ" ಎಂದ ಅರಿಂಜಯ. "ನೀನು ಬರಲ್ಲ ಅಂದ್ರೆ ಎಳ್ಕೊಂಡು ಹೋಗಲ್ಲ. ನಾವೂ ಇಲ್ಲೇ ಕೂತಿರ್ತೀವಿ."

ಹಂಸಿನಿ ಯೋಚನೆ ಮಾಡಿದಳು. ಹೊರಗೆ ಮೋಡ ಇನ್ನಷ್ಟು ಕಪ್ಪಾಗುತ್ತಿತ್ತು. ಆದರೂ ಯಾರೂ ಅವಳನ್ನು ಬೇಗ ಬೇಗ ಎನ್ನಲಿಲ್ಲ. ಹಾಗೆ ಅನ್ನದಿರಲು ಅವರು ಎಷ್ಟು ಪಾಡುಪಟ್ಟರು ಎಂಬುದು ಅವರಿಗೇ ಗೊತ್ತು.

"ಹಾಗಾದ್ರೆ ಬರ್ತೀನಿ. ಆದ್ರೆ ಇವ್ರೂ ಬರ್ಬೇಕು" ಎಂದು ಬೊಂಬೆಗಳ ಕಡೆ ಕೈ ತೋರಿಸಿದಳು.

"ಅವರಿಗೆ ಇಲ್ಲೇ ಸುಖ, ಕೇಳಿ ನೋಡು" ಎಂದು ಧೂಮಕೇಶ ನಕ್ಕ. "ಮಕ್ಕಳೇ, ಇಲ್ಲೇ ಇರುತ್ತೀರಿ ತಾನೆ?" ಎಲ್ಲ ತಲೆಗಳೂ ಹೂಂ ಎಂದವು.

ಹಂಸಿನಿ ಪಕ್ಕದ ಬೊಂಬೆಯ ಕೆನ್ನೆಗಳನ್ನು ಎರಡು ಅಂಗೈಯಲ್ಲಿ ಹಿಡಿದುಕೊಂಡಳು. "ಬೇಡ ಅಂದ್ರೆ ಹೀಗೂ ಮಾಡ್ಬಹುದು, ನೋಡು" ಎಂದು ಮೆಲ್ಲಗೆ ಎಡಕ್ಕೆ, ಬಲಕ್ಕೆ ತಿರುಗಿಸಿ ಕೈ ಬಿಟ್ಟಳು. ಬೊಂಬೆ ಕ್ಷಣ ತಡೆದು, ತಾನಾಗಿಯೇ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಅದರ ಬಣ್ಣ ಉದುರಿ ಒಬ್ಬ ಹುಡುಗ ಹೊರಬಂದ. ಅವನನ್ನು ನೋಡಿ ಪಕ್ಕದ್ದು, ಅದನ್ನು ನೋಡಿ ಅದರ ಪಕ್ಕದ್ದು, ಹೀಗೆ ಸಾಲು ಸಾಲೇ ತಲೆ ಅಲ್ಲಾಡಿಸಿತು. ಒಂದೊಂದು ಊಹೂಂಗೂ ಧೂಮಕೇಶನ ಮೈಯಿಂದ ಒಂದೊಂದು ಎಳೆ ಹೊಗೆ ಬಿಚ್ಚಿಕೊಂಡಿತು. ಮೊದಲು ಜುಟ್ಟು ಹೋಯಿತು, ಆಮೇಲೆ ಗಡ್ಡ ಹೋಯಿತು, ಆಮೇಲೆ ಕೈಕಾಲು. ಎದುರು ಮಾತೇ ಕೇಳಿರದ ಮೈ ಅದು, ತಡೆಯಲಿಲ್ಲ. ಕೊನೆಗೆ ಉಳಿದ ಹೊಗೆ ಕಿಟಕಿಯಿಂದ ಹೊರಗೆ ಹೋಗಿ ಗಾಳಿಯಲ್ಲಿ ಚದುರಿತು.

ಆಗ ಗುಡುಗಿತು. ಬೆಟ್ಟವೇ ಅದುರುವ ಹಾಗೆ ಗುಡುಗಿತು. ಹಂಸಿನಿ ಕಿಟಾರನೆ ಕಿರುಚಿ ಸಂಕವ್ವನ ಸೆರಗಿನೊಳಗೆ ನುಗ್ಗಿದಳು. ಪಡಸಾಲೆಯ ಮಕ್ಕಳೆಲ್ಲ ಒಟ್ಟಿಗೆ ಅಳತೊಡಗಿದರು. ಅಷ್ಟು ಚೆಂದದ ಗದ್ದಲವನ್ನು ಆ ಮನೆ ಎಂದೂ ಕೇಳಿರಲಿಲ್ಲ.

ಮಕ್ಕಳನ್ನು ಅವರವರ ಊರಿಗೆ ಮುಟ್ಟಿಸಿ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ, ಅವರು ತುಂಬೆನಾಡಿಗೆ ಬಂದರು. ರಾಜ ಸೌಮ್ಯದೇವ ಕೊಡೆಯನ್ನೂ ಹಿಡಿಯದೆ ಅರಮನೆಯ ಬಾಗಿಲಲ್ಲಿ ನಿಂತಿದ್ದ. ಓಡಿಹೋಗಿ ಮಗಳನ್ನು ಎತ್ತಿಕೊಳ್ಳಬೇಕೆಂದು ಅವನ ಕೈ ತವಕಿಸುತ್ತಿತ್ತು. ದಾರಿಯಲ್ಲಿ ಮುಂದಾಗಿ ಹಾರಿಬಂದಿದ್ದ ಗೊರವಂಕ ಎಲ್ಲ ಸುದ್ದಿ ಹೇಳಿಬಿಟ್ಟಿತ್ತು. ಆದ್ದರಿಂದ ಅವನು ಮಂಡಿಯೂರಿ ಕೂತು ಕೇಳಿದ:

"ಒಳಗೆ ಬರ್ತೀಯಾ ಮಗಳೇ?"

ಹಂಸಿನಿ ಹೊಸ್ತಿಲ ಹೊರಗೇ ನಿಂತಳು. "ಅಪ್ಪಾಜಿ, ನನಗೆ ಇನ್ನೂ ಸಿಟ್ಟಿದೆ."

"ಇರಲಿ ಕಂದಾ" ಎಂದ ರಾಜ. "ಅದನ್ನೂ ಒಳಗೆ ಕರಕೊಂಡು ಬಾ."

ಅವಳು ಬಂದಳು. ಸಿಟ್ಟು ಊಟದ ಹೊತ್ತಿಗೆ ಅರ್ಧವಾಯಿತು, ಸಂಕವ್ವನ ಪಕ್ಕದಲ್ಲಿ ಮಲಗುವ ಹೊತ್ತಿಗೆ ಪೂರ್ತಿ ಕರಗಿತು. ಮರುದಿನದಿಂದ ತುಂಬೆನಾಡಿನಲ್ಲಿ ಜಗಳ ಶುರುವಾಯಿತು. ಅವರು ಜಗಳವಾಡಿದರು, ಒಬ್ಬರನ್ನೊಬ್ಬರು ಕೇಳಿದರು, ಮತ್ತೆ ಒಂದೇ ಚಾಪೆಯ ಮೇಲೆ ಕೂತರು, ಮತ್ತು ಕೂದಲು ನೆರೆಯುವವರೆಗೂ ಬಲು ಸುಖವಾಗಿ ಬಾಳಿದರು.